ಮ್ಯಾರಥಾನ್‌ಗೆ ಹೋದರೆ ಟ್ರ್ಯಾಕ್ ಓಟ ಕೆಡುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಗ್ರೌಂಡುಗಳಲ್ಲಿ 1500ರಿಂದ 10,000 ಮೀಟರ್‌ವರೆಗೆ ಓಡುವವರು, ಅವರ ಪಾಲಕರು, ಪಿ.ಟಿ. ಮಾಸ್ತರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ. ಮೊದಲಿನವು ಎಲ್ಲರಿಗೂ ಬೇಕಾದವು. ಕೆಳಗೆ ಹೋದಂತೆ ಲೆಕ್ಕಾಚಾರ ಹೆಚ್ಚು.

## ಮೊದಲು ಕೇಳುವವು

ಮ್ಯಾರಥಾನ್ ಓಡಿದ್ರ ಟ್ರ್ಯಾಕ್ ಸ್ಪೀಡ್ ಹೋಗತೈತಿ ಅಂತಾರಲ್ರೀ, ಖರೇನ?

ಅರ್ಧ ಖರೆ. 42.195 ಕಿಲೋಮೀಟರ್ ಒಂದು ಸಲ ಓಡಿದ ಮಾತ್ರಕ್ಕೆ ಸ್ಪೀಡ್ ಹೋಗುವುದಿಲ್ಲ. ಅದಕ್ಕೆ ತಯಾರಾಗುವ ನಾಲ್ಕು ತಿಂಗಳಲ್ಲಿ ವೇಗದ ಓಟವನ್ನು ಪೂರ್ತಿ ಬಿಟ್ಟುಬಿಡುತ್ತಾರಲ್ಲ, ಆಗ ಹೋಗುತ್ತದೆ.

5000 ಮೀಟರನ್ನು 14 ನಿಮಿಷ 30 ಸೆಕೆಂಡಿಗೆ ಮುಗಿಸುವ ಹುಡುಗ 400 ಮೀಟರಿನ ಒಂದು ಸುತ್ತಿಗೆ 70 ಸೆಕೆಂಡಿಗಿಂತ ತುಸು ಕಡಿಮೆ ತೆಗೆದುಕೊಳ್ಳುತ್ತಾನೆ. ಅವನೇ 2 ಗಂಟೆ 24 ನಿಮಿಷದ ಮ್ಯಾರಥಾನ್ ಓಡಬೇಕಾದರೆ ಸುತ್ತಿಗೆ 82 ಸೆಕೆಂಡಿನ ಲಯ ಹಿಡಿಯಬೇಕು, ಅದೂ ನೂರೈದು ಸುತ್ತು. ತಿಂಗಳುಗಟ್ಟಲೆ ಬರೀ 82ರಲ್ಲೇ ಓಡಿದರೆ ಹೆಜ್ಜೆ ಗಿಡ್ಡಾಗುತ್ತದೆ, ಪಾದ ನೆಲದ ಮೇಲೆ ಹೆಚ್ಚು ಹೊತ್ತು ಕೂರುತ್ತದೆ, ಕೊನೆಯ 200ರಲ್ಲಿ ಎಷ್ಟು ಕರೆದರೂ ಕಾಲು ಬರುವುದಿಲ್ಲ. ಸ್ನಾಯುವಿನ ವೇಗದ ಎಳೆಗಳು ಎಲ್ಲಿಗೂ ಹೋಗಿರುವುದಿಲ್ಲ. ಅವುಗಳನ್ನು ಕೆಲಸಕ್ಕೆ ಹಚ್ಚುವ ರೂಢಿ ತಪ್ಪಿರುತ್ತದೆ. ತಪ್ಪಿದ ರೂಢಿಯನ್ನು ಎಂಟು-ಹತ್ತು ವಾರಗಳಲ್ಲಿ ವಾಪಸ್ ತರಬಹುದು.

ವಾಪಸ್ ತರಲಾಗದಂತೆ ಕೆಡಿಸಿಕೊಂಡವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹದಿನೆಂಟು-ಹತ್ತೊಂಬತ್ತಕ್ಕೇ ಹೋದವರು, ಇಲ್ಲವೇ ರೊಕ್ಕದ ಬೆನ್ನು ಹತ್ತಿ ವರ್ಷಕ್ಕೆ ನಾಲ್ಕು ಓಡಿದವರು. ದೂರಕ್ಕಿಂತ ಅವಸರದ ಹಾವಳಿಯೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಮ್ಯಾರಥಾನ್ ಓಡಿ ವಾಪಸ್ ಬಂದು ಟ್ರ್ಯಾಕ್‌ದಾಗ ಗೆದ್ದವರು ಯಾರರೇ ಅದಾರೇನು?

ಬೇಕಾದಷ್ಟು ಇದ್ದಾರೆ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2002ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಮೊದಲ ಮ್ಯಾರಥಾನ್ ಓಡಿ 2:18:56ಕ್ಕೆ ಗೆದ್ದರು. ಅದೇ ಜುಲೈನಲ್ಲಿ ಕಾಮನ್‌ವೆಲ್ತ್ ಕೂಟದ 5000 ಮೀಟರ್ ಚಿನ್ನ, ಆಗಸ್ಟ್‌ನಲ್ಲಿ ಯುರೋಪಿಯನ್ ಕೂಟದ 10,000 ಮೀಟರ್ ಚಿನ್ನ. ನೆದರ್ಲೆಂಡ್ಸ್‌ನ ಸಿಫಾನ್ ಹಸನ್ 2023ರ ಏಪ್ರಿಲ್‌ನಲ್ಲಿ ಲಂಡನ್ ಮ್ಯಾರಥಾನ್ ಗೆದ್ದು, ಆಗಸ್ಟ್‌ನ ಬುಡಾಪೆಸ್ಟ್ ವಿಶ್ವ ಕೂಟದಲ್ಲಿ 1500ರಲ್ಲಿ ಕಂಚು, 5000ದಲ್ಲಿ ಬೆಳ್ಳಿ ತಂದರು. ಉಗಾಂಡದ ಜೋಶುವಾ ಚೆಪ್ಟೆಗೆ 2023ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದಲ್ಲಿ ಮೊದಲ ಮ್ಯಾರಥಾನ್ ಓಡಿ 37ನೆಯವರಾಗಿ ಸೋತುಬಂದರು. ಎಂಟು ತಿಂಗಳ ನಂತರ ಪ್ಯಾರಿಸ್ ಒಲಿಂಪಿಕ್ಸ್‌ನ 10,000 ಮೀಟರ್ ಚಿನ್ನ ಅವರದೇ.

ಎರಡೂ ಬದಿಗೆ ಸಾಕ್ಷಿಯಾಗುವವರು ಬ್ರಿಟನ್ನಿನ ಮೊ ಫರಾ. 2014ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ 2:08:21 ಓಡಿ ಎಂಟನೆಯವರಾದರು. ಆಗಸ್ಟ್‌ನಲ್ಲಿ ಜ್ಯೂರಿಕ್‌ನ ಯುರೋಪಿಯನ್ ಕೂಟದಲ್ಲಿ 5000, 10,000 ಎರಡನ್ನೂ ಗೆದ್ದರು. 2015ರ ವಿಶ್ವ ಕೂಟ, 2016ರ ಒಲಿಂಪಿಕ್ಸ್‌ನಲ್ಲೂ ಎರಡೆರಡು ಚಿನ್ನ. ಆದರೆ 2017ರ ನಂತರ ಪೂರ್ತಿ ರಸ್ತೆಗೆ ಹೋಗಿ, 38ರ ವಯಸ್ಸಿನಲ್ಲಿ 2021ಕ್ಕೆ ಟ್ರ್ಯಾಕ್‌ಗೆ ಮರಳಿದಾಗ 10,000 ಮೀಟರ್‌ಗೆ ಟೋಕಿಯೊ ಅರ್ಹತೆಯ 27:28 ಕೂಡ ಕೈಗೆ ಸಿಗಲಿಲ್ಲ. ಒಂದು ಮ್ಯಾರಥಾನ್ ಓಡಿ ತಿರುಗಿ ಬರುವುದೇ ಬೇರೆ, ಅಲ್ಲೇ ಮನೆ ಕಟ್ಟಿಕೊಂಡು ವರ್ಷಗಳ ಮೇಲೆ ಬರುವುದೇ ಬೇರೆ. ವಯಸ್ಸಿನ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಏಪ್ರಿಲ್‌ನಲ್ಲಿ ಮ್ಯಾರಥಾನ್ ಓಡಿದ ಈ ಮೂವರೂ ದೊಡ್ಡ ಟ್ರ್ಯಾಕ್ ಓಟಕ್ಕೆ ಇಳಿದಿದ್ದು ಸುಮಾರು 15ರಿಂದ 17 ವಾರಗಳ ನಂತರ. ಈ ಅಂಕಿ ನೆನಪಿರಲಿ, ಕೆಳಗೆ ಬೇಕಾಗುತ್ತದೆ.

ಅವರೆಲ್ಲಾ ಹೊರಗಿನವರಾತು. ನಮ್ಮ ದೇಶದವರು?

ಸುಧಾ ಸಿಂಗ್ ಅವರ ಲೆಕ್ಕ ನೋಡಿ. 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ (ಅಡ್ಡಗಟ್ಟೆ, ನೀರಿನ ಗುಂಡಿ ಹಾರುತ್ತ ಓಡುವ ಟ್ರ್ಯಾಕ್ ಓಟ) 2010ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು. 2015ರ ಆಗಸ್ಟ್‌ನಲ್ಲಿ ಬೀಜಿಂಗ್ ವಿಶ್ವ ಕೂಟದ ಮ್ಯಾರಥಾನ್ ಓಡಿದರು, 2016ರ ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ನಲ್ಲಿ ಭಾರತೀಯ ಮಹಿಳೆಯರಲ್ಲಿ ಮೊದಲಿಗರಾದರು. ಅದೇ ಮೇ ತಿಂಗಳು ಶಾಂಘೈನಲ್ಲಿ ಸ್ಟೀಪಲ್‌ಚೇಸ್ 9:26.55ಕ್ಕೆ ಮುಗಿಸಿ ರಾಷ್ಟ್ರೀಯ ದಾಖಲೆ ಬರೆದರು. ನಡುವೆ ಸುಮಾರು 17 ವಾರ. 2018ರಲ್ಲೂ ಜನವರಿಗೆ ಮುಂಬೈ ಗೆದ್ದು ಆಗಸ್ಟ್‌ಗೆ ಏಷ್ಯನ್ ಗೇಮ್ಸ್ ಸ್ಟೀಪಲ್‌ಚೇಸ್ ಬೆಳ್ಳಿ ತಂದರು.

ಲಲಿತಾ ಬಾಬರ್ ಉಲ್ಟಾ ದಾರಿ ಹಿಡಿದವರು. ನಮ್ಮ ಬೆಳಗಾವಿ ದಾಟಿ ಕೊಲ್ಹಾಪುರದಾಚೆ ಸಿಗುವ ಸಾತಾರಾ ಜಿಲ್ಲೆಯವರು. 2012, 2013, 2014ರಲ್ಲಿ ಮುಂಬೈ ಮ್ಯಾರಥಾನ್‌ನ ಭಾರತೀಯ ವಿಭಾಗ ಗೆದ್ದ ಮೇಲೆ ಸ್ಟೀಪಲ್‌ಚೇಸ್‌ಗೆ ಇಳಿದು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 9:19.76 ಓಡಿ ಫೈನಲ್ ತಲುಪಿ ಹತ್ತನೆಯವರಾದರು. ಓ.ಪಿ. ಜೈಶಾ 2014ರ ಏಷ್ಯನ್ ಗೇಮ್ಸ್‌ನಲ್ಲಿ 1500 ಮೀಟರ್ ಕಂಚು ಗೆದ್ದು, ಮರುವರ್ಷ ಮ್ಯಾರಥಾನ್ 2:34:43ಕ್ಕೆ ಓಡಿದರು. ಹಿಂದಕ್ಕೆ ಹೋದರೆ ಶಿವನಾಥ್ ಸಿಂಗ್: 1974ರ ಏಷ್ಯನ್ ಗೇಮ್ಸ್ 5000 ಮೀಟರ್ ಚಿನ್ನ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ 11ನೇ ಸ್ಥಾನ, 1978ರಲ್ಲಿ ಜಲಂಧರ್‌ನಲ್ಲಿ 2:12:00. ಆ ದಾಖಲೆ ದಶಕಗಟ್ಟಲೆ ಅಲುಗಲಿಲ್ಲ.

ನಮ್ಮ ಹುಡುಗಗ 16 ವರ್ಷ. ಊರ ಮ್ಯಾರಥಾನ್‌ದಾಗ ಕಪ್ ಹೊಡದಾನ. ಇನ್ನ ಫುಲ್ ಮ್ಯಾರಥಾನ್ ಓಡಸ್ಲೇನು?

ಬೇಡ. ನಮ್ಮ ಕಡೆ ಜಾತ್ರೆಗೆ, ಜಯಂತಿಗೆ ಇಡುವ 5 ಕಿಲೋಮೀಟರ್ ಓಟಕ್ಕೂ ಮ್ಯಾರಥಾನ್ ಎಂದೇ ಬ್ಯಾನರ್ ಹಾಕುತ್ತಾರೆ. ಅವನು ಗೆದ್ದಿದ್ದು 5 ಕಿ.ಮೀ. ರಸ್ತೆ ಓಟ. ಹದಿನಾರರಲ್ಲಿ ಮೂಳೆಯ ತುದಿಗಳು ಇನ್ನೂ ಬಲಿತಿರುವುದಿಲ್ಲ, ಮೊಣಕಾಲ ಕೆಳಗಿನ ಗಂಟು, ಹಿಮ್ಮಡಿ ಮೊದಲು ನೋಯುತ್ತವೆ. ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನ್‌ಗೇ ಆ ವರ್ಷದ ಡಿಸೆಂಬರ್ 31ಕ್ಕೆ 20 ತುಂಬಿರಬೇಕೆಂಬ ನಿಯಮವಿದೆ.

ಈಗ ಅವನಿಗೆ ಬೇಕಾದದ್ದು 800, 1500, 3000. ಸ್ಪೀಡ್ ಕಟ್ಟುವ ವಯಸ್ಸು ಇದು. 25ಕ್ಕೆ ದಮ್ಮು ಬೆಳೆಸಬಹುದು, ಹದಿನಾರರ ಸ್ಪೀಡನ್ನು 25ಕ್ಕೆ ಹೊಸದಾಗಿ ಕಟ್ಟುವುದು ಬಹಳ ಕಷ್ಟ. ಕೀನ್ಯಾದ ಮ್ಯಾರಥಾನ್ ದಿಗ್ಗಜ ಎಲಿಯೂಡ್ ಕಿಪ್ಚೋಗೆ 18ರ ಹರೆಯದಲ್ಲಿ, 2003ರಲ್ಲಿ, 5000 ಮೀಟರ್ ವಿಶ್ವ ಚಾಂಪಿಯನ್ ಆದವರು. ಮೊದಲ ಮ್ಯಾರಥಾನ್ ಓಡಿದ್ದು 2013ರಲ್ಲಿ. ಹತ್ತು ವರ್ಷ ಟ್ರ್ಯಾಕ್.

ಆರ್ಮಿ ಭರ್ತಿಗೆ 1600 ಪ್ರಾಕ್ಟೀಸ್ ಮಾಡ್ತೀನ್ರಿ. ಲಾಂಗ್ ಓಡಿದ್ರ ಟೈಮಿಂಗ್ ಇಳೀತೈತೇನು?

1600 ಮೀಟರನ್ನು 5 ನಿಮಿಷ 30 ಸೆಕೆಂಡಿಗೆ ಮುಗಿಸಲು ಸುತ್ತಿಗೆ 82 ಸೆಕೆಂಡ್ ಚಿಲ್ಲರೆ ಬೇಕು. ಮೇಲೆ ಹೇಳಿದ 2:24ರ ಮ್ಯಾರಥಾನ್ ಓಟಗಾರ ಇದೇ ಲಯದಲ್ಲಿ ನೂರೈದು ಸುತ್ತು ಹಾಕುತ್ತಾನೆ, ನಿಮಗೆ ನಾಲ್ಕೇ ಸುತ್ತು. ವಾರಕ್ಕೊಮ್ಮೆ 10–12 ಕಿ.ಮೀ. ನಿಧಾನ ಓಟ ನಿಮಗೆ ಒಳ್ಳೆಯದೇ. ವಾರಕ್ಕೆರಡು ದಿನ 400 ಮೀಟರ್ ಎಂಟು ಸಲ, ಒಂದೊಂದೂ 78–80 ಸೆಕೆಂಡಿಗೆ, ನಡುವೆ ಒಂದೂವರೆ ನಿಮಿಷ ಬಿಡುವು. ಭರ್ತಿಗೆ ಮೂರು ತಿಂಗಳಿರುವಾಗ ಮ್ಯಾರಥಾನ್‌ಗೆ ಮಾತ್ರ ಹೆಸರು ಕೊಡಬೇಡಿ.

800 ಓಡಾಂವ ಮ್ಯಾರಥಾನ್‌ಗೆ ಹೋಗಬಹುದಾ?

ಹವ್ಯಾಸಕ್ಕೆ ಹೋಗಬಹುದು. ಸ್ಪರ್ಧೆಗಾದರೆ ಮೊದಲು 1500–5000ಕ್ಕೆ ಎರಡು ವರ್ಷ ಕೊಡಿ, ಆಮೇಲೆ ಮಾತಾಡೋಣ.

## ಹೋಗಬೇಕೋ ಬೇಡವೋ

ಹಂಗಾದ್ರ ಯಾವಾಗ ಹೋಗಬೇಕ್ರಿ?

ವಯಸ್ಸಿಗಿಂತ ಲಕ್ಷಣ ನೋಡಿ. 5000, 10,000ದ ಟೈಮ್ ಎರಡು ಸೀಸನ್ ಒಂದೇ ಕಡೆ ನಿಂತಿದೆ. 8 ಕಿ.ಮೀ.ವರೆಗೆ ಮುಂದಿನ ಗುಂಪಿನಲ್ಲೇ ಇರುತ್ತೀರಿ, ಕೊನೆಯ ಸುತ್ತಿನಲ್ಲಿ ನಾಲ್ಕು ಜನ ದಾಟಿ ಹೋಗುತ್ತಾರೆ. ಆದರೆ 25 ಕಿ.ಮೀ. ಓಡಿದ ಮರುದಿನ ಬೆಳಿಗ್ಗೆ ಕಾಲು ಹಗುರವಾಗಿಯೇ ಇರುತ್ತದೆ. ಇವೆಲ್ಲ ಕೂಡಿ ಬಂದರೆ ರಸ್ತೆ ನಿಮ್ಮನ್ನು ಕರೆಯುತ್ತಿದೆ ಎಂದರ್ಥ. ಕಿಪ್ಚೋಗೆ ಕೂಡ 2012ರ ಒಲಿಂಪಿಕ್ಸ್‌ಗೆ ಕೀನ್ಯಾ ತಂಡದಲ್ಲಿ ಜಾಗ ಸಿಗದ ಮೇಲೆಯೇ ದಾರಿ ಬದಲಿಸಿದ್ದು.

ಟೈಮ್ ಇನ್ನೂ ಇಳಿಯುತ್ತಿದ್ದರೆ ಹೋಗಬೇಡಿ. 22ರ ಹುಡುಗ ವರ್ಷಕ್ಕೆ 15 ಸೆಕೆಂಡ್ ಕಡಿಮೆ ಮಾಡುತ್ತಿರುವಾಗ ಅವನನ್ನು ರಸ್ತೆಗೆ ಎಳೆಯುವುದು ಕಾಯಿ ಕಿತ್ತು ಹಣ್ಣು ಮಾಡಿದಂತೆ. ನಡುವೆ ಹಾಫ್ ಮ್ಯಾರಥಾನ್ (21.1 ಕಿ.ಮೀ.) ಎಂಬ ಒಳ್ಳೆಯ ಮೆಟ್ಟಿಲಿದೆ. ಅಂತರ ವಿಶ್ವವಿದ್ಯಾಲಯ ಕೂಟದಲ್ಲೂ ಆ ಸ್ಪರ್ಧೆ ಇದೆ. ಅವಿನಾಶ್ ಸಾಬಳೆ 2020ರಲ್ಲಿ ದೆಹಲಿಯಲ್ಲಿ ಹಾಫ್ ಮ್ಯಾರಥಾನನ್ನು 1:00:30ಕ್ಕೆ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಆಮೇಲೆ 2022ರಲ್ಲಿ ಕಾಮನ್‌ವೆಲ್ತ್ ಸ್ಟೀಪಲ್‌ಚೇಸ್ ಬೆಳ್ಳಿ, 2024ರಲ್ಲಿ ಅದೇ ಓಟದಲ್ಲಿ 8:09.91. ಹಾಫ್‌ನ ತಯಾರಿಯಲ್ಲಿ ಸ್ಪೀಡ್ ಬಿಡುವ ಅಗತ್ಯವೇ ಬರುವುದಿಲ್ಲ, ಓಡಿದ ಹತ್ತು ದಿನಕ್ಕೆ ಮೈ ಮೊದಲಿನಂತಾಗುತ್ತದೆ.

ನಂದು 10,000 ಟೈಮ್ 30:30. ಮ್ಯಾರಥಾನ್ ಎಷ್ಟಕ್ಕ ಓಡಬಹುದು?

ದೂರ ಎರಡರಷ್ಟಾದರೆ ಟೈಮ್ ಎರಡರಷ್ಟಕ್ಕಿಂತ ತುಸು ಹೆಚ್ಚಾಗುತ್ತದೆ. ರೂಢಿಯ ಸೂತ್ರ: ದೂರಗಳ ಅನುಪಾತಕ್ಕೆ 1.06ರ ಘಾತ ಹಾಕಿ ಹಳೆಯ ಟೈಮಿಗೆ ಗುಣಿಸುವುದು. 30:30ಕ್ಕೆ ಹಾಫ್ ಸುಮಾರು 1:07:20, ಫುಲ್ ಸುಮಾರು 2:20 ಬರುತ್ತದೆ. ಆದರೆ ಈ 2:20 ವಾರಕ್ಕೆ 150 ಕಿ.ಮೀ. ಓಡಿದವರ ಲೆಕ್ಕ. ಟ್ರ್ಯಾಕ್‌ನಿಂದ ಮೊದಲ ಸಲ ಬಂದವರು ಹಾಫ್‌ನ ಎರಡರಷ್ಟಕ್ಕೆ 8–10 ನಿಮಿಷ ಕೂಡಿಸಿಕೊಳ್ಳಿ: 2:23ರಿಂದ 2:25.

2:24 ಹಿಡಿದರೆ ಕಿಲೋಮೀಟರಿಗೆ 3:25, ಪ್ರತಿ 5 ಕಿ.ಮೀ.ಗೆ 17:04, ಅರ್ಧಕ್ಕೆ 1:12:00. ಟ್ರ್ಯಾಕ್‌ನವರ ದೊಡ್ಡ ತಪ್ಪು ಮೊದಲ 10 ಕಿ.ಮೀ.ನಲ್ಲೇ ಆಗುತ್ತದೆ. 3:25 ಎಂಬುದು ಅವರಿಗೆ ನಡೆದಂತೆ ಅನಿಸುತ್ತದೆ, 3:15ಕ್ಕೆ ಹೋಗುತ್ತಾರೆ, 32ನೇ ಕಿಲೋಮೀಟರಿಗೆ ಬಾಕಿ ಕಟ್ಟುತ್ತಾರೆ.

ರೋಡ್ ರೇಸ್‌ನಾಗ ರೊಕ್ಕ ಸಿಗತೈತಿ. ಟ್ರ್ಯಾಕ್‌ದಾಗ ಬರೇ ಸರ್ಟಿಫಿಕೇಟು. ಯಾವುದು ಆರಿಸ್ಕೋಬೇಕು?

ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿಯುವ ಆಲೋಚನೆ ಇದ್ದರೆ, ಆ ಸರ್ಟಿಫಿಕೇಟೇ ರೊಕ್ಕ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ರೈಲ್ವೆಯಿರಲಿ, ಬೇರೆ ಇಲಾಖೆಯಿರಲಿ, ಅಧಿಸೂಚನೆಯಲ್ಲಿ ಯಾವ ಮಟ್ಟದ ಕೂಟ, ಎಷ್ಟನೇ ಸ್ಥಾನ ಎಂದು ಬರೆದಿರುತ್ತಾರೆ: ಮಾನ್ಯತೆ ಪಡೆದ ರಾಷ್ಟ್ರೀಯ ಕೂಟ, ಅಂತರ ವಿಶ್ವವಿದ್ಯಾಲಯ ಕೂಟ, ಇಂಥವು. ಕ್ಲಬ್ಬು, ಕಂಪನಿ ನಡೆಸುವ ರಸ್ತೆ ಓಟದ ಮೆಡಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಧಿಸೂಚನೆ ಓದಿ, ವಯಸ್ಸಿನ ಮಿತಿ ನೋಡಿ, ಅಲ್ಲಿಯವರೆಗೆ ಟ್ರ್ಯಾಕ್ ಬಿಡಬೇಡಿ. ವರ್ಷಕ್ಕೆ ಎರಡು-ಮೂರು 10 ಕಿ.ಮೀ. ರಸ್ತೆ ಓಟ ಓಡಿ ಬೂಟಿನ ಖರ್ಚು ಹುಟ್ಟಿಸಿಕೊಳ್ಳುವುದಕ್ಕೆ ಯಾವ ಕೋಚ್ ಸರ್ ಕೂಡ ಬೇಡ ಅನ್ನಬಾರದು.

ಟ್ರ್ಯಾಕ್ ಸೀಸನ್ ಬಿಡದ ಮ್ಯಾರಥಾನ್ ಎಲ್ಲಿ ಹೊಂದಸಬೇಕು?

ಜನವರಿಯ ಮುಂಬೈ ಮ್ಯಾರಥಾನ್ ನಮಗೆ ಸರಿಹೊಂದುತ್ತದೆ. ರಾಷ್ಟ್ರೀಯ ಟ್ರ್ಯಾಕ್ ಕೂಟವಾದ ಫೆಡರೇಷನ್ ಕಪ್ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬರುತ್ತದೆ. ನಡುವೆ 13ರಿಂದ 17 ವಾರ ಸಿಗುತ್ತದೆ. ಕೂಟ ಏಪ್ರಿಲ್‌ಗೇ ಬಂದರೆ ಬಿಗಿ, ಮೇಗೆ ಬಂದರೆ ಹದ. ಇನ್ನೊಂದು ಲಾಭ: ತಯಾರಿಯ ಗಟ್ಟಿ ವಾರಗಳು ನವೆಂಬರ್, ಡಿಸೆಂಬರ್‌ನಲ್ಲಿ ಬೀಳುತ್ತವೆ, ಧಾರವಾಡದ ಥಂಡಿ ಮುಂಜಾನೆಗಳು ಲಾಂಗ್ ರನ್‌ಗೆ ಹೇಳಿ ಮಾಡಿಸಿದಂತಿರುತ್ತವೆ. ಮುಂಬೈ ಮಾತ್ರ ಬೆವರಿನ ಊರು. ಕೊನೆಯ ಮೂರು ವಾರ, ವಾರಕ್ಕೆರಡು ಓಟ ಎಂಟೂವರೆ ಬಿಸಿಲಿಗೆ ಇಟ್ಟುಕೊಳ್ಳಿ.

## ತಯಾರಿ

ವಾರಕ್ಕ ಎಷ್ಟು ಕಿಲೋಮೀಟರ್ ಓಡಬೇಕು?

ಈಗ ವಾರಕ್ಕೆ 90 ಕಿ.ಮೀ. ಓಡುವ 5000 ಮೀಟರ್‌ನವರನ್ನು ಹಿಡಿದು 16 ವಾರದ ಲೆಕ್ಕ ಹೇಳುತ್ತೇವೆ. ಮೊದಲ ನಾಲ್ಕು ವಾರದಲ್ಲಿ 90ರಿಂದ 110. ಮುಂದಿನ ಎಂಟರಲ್ಲಿ 120–140; ಪ್ರತಿ ನಾಲ್ಕನೇ ವಾರ ಮೂರನೇ ಒಂದರಷ್ಟು ಇಳಿಸಿ. ಕೊನೆಯ ಮೂರು ವಾರ 100, 75, ಓಟದ ವಾರ 40. ಹಾಗಾದರೆ ನಡುವಿನ 13ನೇ ವಾರ? ಅದು ಮೀಸಲು. ಜ್ವರ, ಪರೀಕ್ಷೆ, ಅಕ್ಕನ ಮದುವೆ, ಏನೋ ಒಂದು ಬಂದೇ ಬರುತ್ತದೆ.

ಲಾಂಗ್ ರನ್ 20ರಿಂದ ಶುರುವಾಗಿ ವಾರಕ್ಕೆ 2 ಕಿ.ಮೀ. ಏರಿ 32–34ಕ್ಕೆ ನಿಲ್ಲಲಿ. 28 ದಾಟಿದ ಓಟ ನಾಲ್ಕಕ್ಕಿಂತ ಹೆಚ್ಚು ಬೇಡ. ಅವುಗಳಲ್ಲಿ ಎರಡರಲ್ಲಿ ಕೊನೆಯ 12 ಕಿ.ಮೀ. ಮ್ಯಾರಥಾನ್ ಲಯದಲ್ಲಿ, ಅಂದರೆ ಮೇಲಿನ ಲೆಕ್ಕದಲ್ಲಿ 3:25ಕ್ಕೆ. ಉಳಿದದ್ದು 4:20–4:40ಕ್ಕೆ. ಟ್ರ್ಯಾಕ್‌ನವರು ನಿಧಾನ ಓಟವನ್ನೂ ನಾಲ್ಕಕ್ಕೆ ಎಳೆಯುತ್ತಾರೆ. ಆರನೇ ವಾರಕ್ಕೆ ಮುಖ ಕಪ್ಪಿಡುತ್ತದೆ, ನಿದ್ದೆ ಹತ್ತುವುದಿಲ್ಲ.

ಇಷ್ಟೆಲ್ಲಾ ಓಡಿದ ಮ್ಯಾಲೆ ಸ್ಪೀಡ್ ಉಳಿಸ್ಕೊಳ್ಳೂದು ಹೆಂಗ?

ಮೂರು ಸಣ್ಣ ಕೆಲಸ, ಹದಿನಾರೂ ವಾರ ತಪ್ಪದಂತೆ. ವಾರಕ್ಕೆರಡು ಸಲ ನಿಧಾನ ಓಟದ ಕೊನೆಗೆ 100 ಮೀಟರ್ ಸ್ಟ್ರೈಡ್ಸ್ (ಮೈ ಸಡಿಲ ಬಿಟ್ಟು ಉದ್ದ ಹೆಜ್ಜೆಯ ಜೋರು ಓಟ) ಆರರಿಂದ ಎಂಟು, ಪೂರ್ತಿ ಬಿಡುವು ಕೊಟ್ಟು. ವಾರಕ್ಕೊಮ್ಮೆ ಕಡಿದಾದ ಏರಿನಲ್ಲಿ 8–10 ಸೆಕೆಂಡಿನ ಪೂರ್ಣ ಜೋರಿನ ಓಟ ಆರು ಸಲ, ನಡೆದು ಇಳಿಯುವುದು. ಹತ್ತು ದಿನಕ್ಕೊಮ್ಮೆ ಟ್ರ್ಯಾಕ್‌ನಲ್ಲಿ 200 ಮೀಟರ್ ಹತ್ತು ಸಲ: 5000 ಮೀಟರನ್ನು 14:30ಕ್ಕೆ ಓಡುವವರಿಗೆ 32–33 ಸೆಕೆಂಡಿಗೆ, ನಡುವೆ 200 ನಿಧಾನ ಜಾಗ್. ಮೂರನ್ನೂ ಕೂಡಿಸಿದರೂ ವಾರಕ್ಕೆ 4 ಕಿ.ಮೀ. ಮುಟ್ಟುವುದಿಲ್ಲ. ಇದನ್ನು ಬಿಡುವುದಕ್ಕೆ ದಣಿವಿನ ನೆಪ ಹೇಳುವವರೇ ಮುಂದೆ ಮ್ಯಾರಥಾನ್ ನನ್ನ ಸ್ಪೀಡ್ ತಿಂದಿತು ಅನ್ನುವುದು.

ಧಾರವಾಡದಾಗ ಎಲ್ಲಿ ಹೋದ್ರೂ ಏರು-ಇಳಿವು. ಲಾಂಗ್ ರನ್ ಎಲ್ಲಿ ಮಾಡಬೇಕು?

ಏರಿಳಿವನ್ನು ಬೈಯಬೇಡಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರುಗಳು ಮೇಲಿನ ಉತ್ತರದ ಏರು ಓಟಕ್ಕೂ ನಿಧಾನ ಓಟಕ್ಕೂ ಚಲೋ. ಅಲ್ಲಿ ಗಡಿಯಾರದ ಪೇಸ್ ನೋಡದೆ ಉಸಿರಿನ ಮೇಲೆ ಓಡಿ. ಮ್ಯಾರಥಾನ್ ಲಯದ ಓಟಕ್ಕೆ ಸಪಾಟು ರಸ್ತೆ ಬೇಕು; ಅಣ್ಣಿಗೇರಿ, ನವಲಗುಂದ ಕಡೆಯ ಎರಿ ಸೀಮೆ ಅದಕ್ಕೆ ಸರಿ. ಮಳೆ ಬಿದ್ದ ಮೇಲೆ ರಸ್ತೆ ಬಿಟ್ಟು ಪಕ್ಕಕ್ಕೆ ಇಳಿಯಬೇಡಿ: ಎರಿ ಮಣ್ಣು ಬೂಟಿಗೆ ರೊಟ್ಟಿ ತಟ್ಟಿದಂತೆ ಮೆತ್ತಿಕೊಂಡು ನಾಲ್ಕು ಹೆಜ್ಜೆಗೆ ಅರ್ಧ ಕಿಲೋ ಆಗುತ್ತದೆ, ಪಾದ ಹೊರಳುತ್ತದೆ. ಗದಗಿನವರು ಕಪ್ಪತಗುಡ್ಡದ ಇಳಿಜಾರಿನಲ್ಲಿ ಜೋರಾಗಿ ಇಳಿಯುವ ಚಟ ಬಿಡಿ, ತೊಡೆಯ ಮುಂಭಾಗ ಮೂರು ದಿನ ಹಿಡಿದುಕೊಳ್ಳುತ್ತದೆ.

ಹುಬ್ಬಳ್ಳಿ-ಧಾರವಾಡ ಬೈಪಾಸಿನ ಮೇಲೆ ಓಡಲೇಬೇಡಿ. ಸ್ಟೇಡಿಯಂ ಟ್ರ್ಯಾಕ್‌ನಲ್ಲಿ 30 ಕಿ.ಮೀ. ಎಂದರೆ 75 ಸುತ್ತು, ಎಲ್ಲ ತಿರುವೂ ಎಡಕ್ಕೇ. ಎಡಗಾಲ ಪಾದ, ಬಲ ಸೊಂಟ ಎರಡೂ ದೂರು ಕೊಡುತ್ತವೆ.

ರೊಟ್ಟಿ ಉಂಡು ಓಡಿದ್ರ ಹೊಟ್ಟಿ ಕೆಡತೈತಿ. ಏನ್ ತಿನ್ನಬೇಕು, ಏನ್ ಕುಡೀಬೇಕು?

ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ ದಿನದ ಊಟಕ್ಕೆ ಶ್ರೇಷ್ಠ. ಅದೇ ನಾರು ಲಾಂಗ್ ರನ್‌ನ ಹಿಂದಿನ ರಾತ್ರಿ ತೊಂದರೆ. ಅವತ್ತು ಅನ್ನ, ತೆಳ್ಳನೆ ಬೇಳೆ ಸಾರು, ಮೊಸರು. ಓಟಕ್ಕೆ ಎರಡು ತಾಸು ಮೊದಲು ಸಪ್ಪೆ ಅವಲಕ್ಕಿ ಅಥವಾ ಬ್ರೆಡ್, ಒಂದು ಬಾಳೆಹಣ್ಣು. ಮಿರ್ಚಿ-ಗಿರ್ಮಿಟ್ ಓಟ ಮುಗಿದ ಮೇಲೆ.

ಲೆಕ್ಕ ಹೀಗಿದೆ. ಒಂದು ಕಿಲೋಮೀಟರ್ ಓಡಲು ಮೈತೂಕದ ಕಿಲೋಗೆ ಸುಮಾರು 1 ಕಿಲೋಕ್ಯಾಲರಿ ಬೇಕು. 55 ಕಿಲೋದವರಿಗೆ ಪೂರ್ತಿ ದೂರಕ್ಕೆ 2300. ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ (ಪಿಷ್ಟದಿಂದ ಆದ ಇಂಧನ) ಹೆಚ್ಚೆಂದರೆ 2000. 10,000 ಮೀಟರ್‌ನಲ್ಲಿ ಈ ಕೊರತೆ ಎದುರಾಗುವುದೇ ಇಲ್ಲ, ಹಾಗಾಗಿ ಟ್ರ್ಯಾಕ್‌ನವರಿಗೆ ಓಡುತ್ತ ತಿನ್ನುವ ಅಭ್ಯಾಸವಿರುವುದಿಲ್ಲ. ತಾಸಿಗೆ 40–60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು. ದುಬಾರಿ ಜೆಲ್ ಇಲ್ಲದಿದ್ದರೂ ನಡೆಯುತ್ತದೆ: ಒಂದು ಲೀಟರ್ ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಚೆನ್ನಾಗಿ ಕರಗಿಸಿ, ತಳದಲ್ಲಿ ಸಕ್ಕರೆ ಉಳಿದರೆ ಕೊನೆಯ ಗುಟುಕು ಪಾಕವಾಗಿ ಹೊಟ್ಟೆ ತೊಳಸುತ್ತದೆ. ಕಾಲು ತಾಸಿಗೊಮ್ಮೆ 150 ಮಿಲಿ, ಅಂದರೆ ನಾಲ್ಕು ಗುಟುಕು. ತಾಸಿಗೊಂದು ಬಾಳೆಹಣ್ಣು ಸೇರಿಸಿದರೆ ಲೆಕ್ಕ ತುಂಬಿತು. ಓ.ಆರ್.ಎಸ್. ಪುಡಿಯನ್ನೇ ನಂಬಬೇಡಿ: ಅದರಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಅದು ಬೇಧಿಗೆ ಮಾಡಿದ್ದು, ಓಟದ ಇಂಧನವಲ್ಲ.

ಓಟದ ಮುಂಚಿನ ಎರಡು ದಿನ ಮೈತೂಕದ ಕಿಲೋಗೆ 8–10 ಗ್ರಾಂ ಪಿಷ್ಟ. 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಆಸುಪಾಸು ಇರುತ್ತದೆ. 55 ಕಿಲೋದವರು ಎಷ್ಟು ಉಣ್ಣಬೇಕೆಂದು ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಆದ್ದರಿಂದ ಅದನ್ನು ಐದು ಹೊತ್ತಿಗೆ ಹಂಚಿಕೊಳ್ಳಿ.

ಮುಂಗಾಲ ಎಲಬು ನೋಯಾಕ್ಹತ್ತೇತಿ. ಓಡ್ಲೋ ಬಿಡ್ಲೋ?

ಕೂತು, ಹೆಬ್ಬೆರಳಿನಿಂದ ಮುಂಗಾಲ ಒಳ ಅಂಚನ್ನು ಪಾದದ ಕಡೆಯಿಂದ ಮೇಲಕ್ಕೆ ಬೆರಳಗಲ ಬೆರಳಗಲವಾಗಿ ಒತ್ತುತ್ತ ಬನ್ನಿ. ಒಂದು ಗೇಣು ಉದ್ದಕ್ಕೂ ಸಾಧಾರಣ ನೋವಿದ್ದು, ಓಡುತ್ತ ಮೈ ಕಾದಂತೆ ಕಡಿಮೆಯಾದರೆ ಅದು ಸ್ನಾಯು ಎಳೆತ: ಕಿಲೋಮೀಟರ್ ಅರ್ಧಕ್ಕೆ ಇಳಿಸಿ, ಮಣ್ಣಿನ ಮೇಲೆ ಓಡಿ, ಹತ್ತು ದಿನ ನೋಡಿ. ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಚುರುಕ್ ಎನ್ನುತ್ತದೆ, ಓಡಿದಷ್ಟೂ ಏರುತ್ತದೆ, ರಾತ್ರಿ ಮಲಗಿದಾಗಲೂ ಮಿಡಿಯುತ್ತದೆ ಎಂದಾದರೆ ಎಲಬಿನಲ್ಲಿ ಸಣ್ಣ ಬಿರುಕಿನ ಅನುಮಾನ. ಅವತ್ತೇ ಓಟ ನಿಲ್ಲಿಸಿ ಎಲಬಿನ ಡಾಕ್ಟರನ್ನು ಕಾಣಿ. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಎಂದು ಮತ್ತೆ ಓಡಲು ಹೋಗಿ ಪೂರ್ತಿ ಮುರಿದುಕೊಂಡವರಿದ್ದಾರೆ. ಟ್ರ್ಯಾಕ್ ಸೀಸನ್ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಹುಡುಗ್ಯಾರಿಗೆ ಬ್ಯಾರೆ ಏನರೇ ಕಾಳಜಿ ಬೇಕೇನು?

ಎರಡು. ತಯಾರಿಗೆ ಮುಂಚೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ತಪಾಸಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಸಂಗ್ರಹ ಬರಿದಾಗಿದೆ ಎಂದರ್ಥ. ಎಷ್ಟು ಓಡಿದರೂ ಟೈಮ್ ಇಳಿಯುವುದಿಲ್ಲ. ಮಾತ್ರೆ ಡಾಕ್ಟರ್ ಹೇಳಿದಷ್ಟೇ. ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ಒಂದು ತಾಸು ಮುಂದಕ್ಕೆ ಹಾಕಿ, ಪಲ್ಯದ ಮೇಲೆ ನಿಂಬೆ ಹಿಂಡಿ. ಎರಡನೆಯದು, ಮೂರು ತಿಂಗಳು ಮುಟ್ಟು ನಿಂತರೆ ಅದು ಗಟ್ಟಿ ತಯಾರಿಯ ಗುರುತಲ್ಲ. ಉಣ್ಣುವುದು ಸಾಲುತ್ತಿಲ್ಲ, ಎಲಬು ತೆಳುವಾಗುತ್ತಿದೆ. ಕಿಲೋಮೀಟರ್ ಇಳಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಇದನ್ನು ಹೇಳಿಕೊಳ್ಳಲು ನಾಚಿಕೆ ಪಡದಂಥ ವಾತಾವರಣ ಗ್ರೌಂಡಿನಲ್ಲಿರಬೇಕು. ಇಲ್ಲದಿದ್ದರೆ ತಪ್ಪು ಹುಡುಗಿಯದಲ್ಲ.

ಕಾರ್ಬನ್ ಪ್ಲೇಟ್ ಶೂ ಟ್ರ್ಯಾಕ್ ಮ್ಯಾಲೂ ಹಾಕ್ಕೋಬಹುದೇನು?

ಅಭ್ಯಾಸಕ್ಕೆ ಸರಿ, ಸ್ಪರ್ಧೆಯಲ್ಲಿ ಅಲ್ಲ. ಒಳಗೆ ಕಾರ್ಬನ್ ತಗಡು ಇಟ್ಟ ಈ ರಸ್ತೆ ಶೂಗಳ ಅಡಿ ದಪ್ಪ. ರಸ್ತೆ ಓಟದಲ್ಲಿ ಅಡಿಯ ದಪ್ಪ 40 ಮಿಲಿಮೀಟರ್‌ವರೆಗೆ ಇರಬಹುದು. ಟ್ರ್ಯಾಕ್‌ನಲ್ಲಿ 2024ರ ನವೆಂಬರ್‌ನಿಂದ 20 ಮಿ.ಮೀ. ಮಾತ್ರ. ರಸ್ತೆಯ ಶೂ ಹಾಕಿ 10,000 ಓಡಿದರೆ ಫಲಿತಾಂಶ ರದ್ದಾಗಬಹುದು.

## ಓಡಿ ಮುಗಿಸಿದ ಮೇಲೆ

ಮ್ಯಾರಥಾನ್ ಆದಮ್ಯಾಲೆ ಎಷ್ಟು ದಿನಕ್ಕ ಸ್ಪೈಕ್ಸ್ ಹಾಕಬೇಕು?

ಸ್ಪೈಕ್ಸ್, ಅಂದರೆ ಮೊಳೆಯ ಟ್ರ್ಯಾಕ್ ಬೂಟು, ಐದನೇ ವಾರಕ್ಕೆ. ಮೊದಲ ವಾರ ಓಟವೇ ಬೇಡ, ನಡಿಗೆ, ಸೈಕಲ್. ಎರಡನೇ ವಾರ ದಿನ ಬಿಟ್ಟು ದಿನ 30–40 ನಿಮಿಷ ನಿಧಾನ. ಮೂರನೇ ವಾರ ದಿನಾ ಓಡಿ, ಹುಲ್ಲಿನ ಮೇಲೆ 80 ಮೀಟರ್ ಸ್ಟ್ರೈಡ್ಸ್ ಆರು. ನಾಲ್ಕನೇ ವಾರ ಏರಿನ ಓಟ. ಐದನೆಯದರಲ್ಲಿ ಸ್ಪೈಕ್ಸ್ ಹಾಕಿ 200 ಮೀಟರ್ ಹತ್ತು ಸಲ, ಮೇಲೆ ಹೇಳಿದ ಟೈಮಿಗೇ. ಆರು, ಏಳರಲ್ಲಿ 5000ದ ಲಯಕ್ಕೆ 800 ಮೀಟರ್ ಆರು ಸಲ. ಎಂಟರಿಂದ ಹತ್ತನೇ ವಾರದ ನಡುವೆ ಯಾವುದಾದರೂ ಸಣ್ಣ ಕೂಟದಲ್ಲಿ 1500 ಅಥವಾ 3000. ನಿಮ್ಮ ಮುಖ್ಯ ಓಟ 13ನೇ ವಾರದ ನಂತರ ಇರಲಿ.

ಹತ್ತನೇ ದಿನಕ್ಕೇ ಕಾಲು ನೋವು ಹೋಗಿರುತ್ತದೆ, ಮೋಸ ಆಗುವುದು ಅಲ್ಲಿಯೇ. ನೋವು ಹೋದರೂ ಸ್ನಾಯುವಿನ ಒಳಗಿನ ರಿಪೇರಿ ಮುಗಿದಿರುವುದಿಲ್ಲ. ಆಗ 400ಗಳನ್ನು ಹೊಡೆದರೆ ಹಿಂದೊಡೆ ಹಿಡಿಯುತ್ತದೆ, ಇಲ್ಲವೇ ಹಿಮ್ಮಡಿಯ ನರ ಬಾಯುತ್ತದೆ.

ಎಂಟು ವಾರ ಆತು, ಆದ್ರೂ 200 ಮೊದಲಿನಂಗ ಬರವಲ್ದು. ಏನ್ ತಪ್ಪಾಗೇತಿ?

ಮೊದಲು ಏನು ಕೈಕೊಟ್ಟಿದೆ ಎಂದು ಗುರುತಿಸಿ. ಒಂದೇ ಒಂದು 200 ಪೂರ್ಣ ಜೋರಿನಲ್ಲಿ ಓಡಿ. ಅದು ಹಳೆಯ ಟೈಮಿಗೆ ಬಂದು, ಐದನೆಯದರಿಂದ ಬೀಳುತ್ತಿದ್ದರೆ ಸ್ಪೀಡ್ ಇದೆ, ಜೋರಿನ ಓಟದ ಸಹನೆ ಇನ್ನೂ ಕಟ್ಟಿಲ್ಲ. ಮೂರು ವಾರದಲ್ಲಿ ಸರಿಹೋಗುತ್ತದೆ. ಮೊದಲನೆಯದೇ ಒಂದೂವರೆ ಸೆಕೆಂಡ್ ತಡವಾದರೆ ಹೆಜ್ಜೆ ಗಿಡ್ಡಾಗಿದೆ. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ 100 ಮೀಟರಿಗೆ ಹೆಜ್ಜೆ ಎಣಿಸಿ. ಮೊದಲಿನದಕ್ಕಿಂತ ಮೂರು-ನಾಲ್ಕು ಹೆಚ್ಚಿದ್ದರೆ ಏರಿನ ಓಟ, ಬೌಂಡಿಂಗ್ (ಉದ್ದುದ್ದ ಜಿಗಿತದ ಹೆಜ್ಜೆ) ಹೆಚ್ಚಿಸಿ, ಲಾಂಗ್ ರನ್ 16 ಕಿ.ಮೀ.ಗೆ ಇಳಿಸಿ. ಎರಡೂ ಕೆಟ್ಟಿದ್ದು, ಮುಂಜಾನೆಯ ನಾಡಿಬಡಿತ ಎಂದಿನದಕ್ಕಿಂತ ಏಳೆಂಟು ಹೆಚ್ಚಿದ್ದರೆ ಮೈ ಇನ್ನೂ ದಣಿದಿದೆ. ಹತ್ತು ದಿನ ಬಿಡಿ, ರಕ್ತ ತಪಾಸಣೆ ಮಾಡಿಸಿ.

ವರ್ಷಕ್ಕ ಎಷ್ಟು ಮ್ಯಾರಥಾನ್ ಓಡಬಹುದು?

ಟ್ರ್ಯಾಕ್ ಬೇಕೆನ್ನುವವರು ಒಂದು. ಪೂರ್ತಿ ರಸ್ತೆಗೆ ಹೋದವರು ಎರಡು.

ಪೂರ್ತಿ ಓಡೂದು ಬ್ಯಾಡ, ಪೇಸರ್ ಆಗಿ 25 ಕಿಲೋಮೀಟರ್ ಓಡಿ ಬಿಟ್ರ ಹೆಂಗ?

ಮುಂದೆ ಓಡಿ ಉಳಿದವರಿಗೆ ಲಯ ಹಿಡಿದುಕೊಡುವವನೇ ಪೇಸರ್. 10,000ದವರಿಗೆ ರುಚಿ ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸ್ನಾಯುವಿಗೆ ದೊಡ್ಡ ಪೆಟ್ಟು ಬೀಳುವುದು 30 ದಾಟಿದ ಮೇಲೆ. 25ಕ್ಕೆ ಬಿಟ್ಟರೆ ಹತ್ತು-ಹನ್ನೆರಡು ದಿನಕ್ಕೆ ಟ್ರ್ಯಾಕ್ ಕೆಲಸಕ್ಕೆ ಮರಳಬಹುದು. ಎಲ್ಲಿ ಬಿಡುವುದೆಂದು ಮೊದಲೇ ಸಂಘಟಕರ ಜೊತೆ ಮಾತಾಡಿಕೊಂಡು, ಆ ಜಾಗದಲ್ಲಿ ಸ್ವೆಟರ್ ಹಿಡಿದು ಒಬ್ಬರನ್ನು ನಿಲ್ಲಿಸಿಕೊಳ್ಳಿ. ಕಾಲು ಚೆನ್ನಾಗಿದೆ ಎಂದು 25ರ ನಂತರವೂ ಮುಂದುವರಿಯುವ ಆಸೆ ಬಂದೇ ಬರುತ್ತದೆ; ನೂರಕ್ಕೆ ತೊಂಬತ್ತು ಸಲ ಅದನ್ನು ಕೇಳಬಾರದು. ಕೇಳಿ ಗೆದ್ದವರು ಕೇರಳದ ಟಿ. ಗೋಪಿ: 2016ರ ಮುಂಬೈನಲ್ಲಿ ಪೇಸರ್ ಆಗಿ ಶುರುಮಾಡಿ, ಬಿಡದೆ ಓಡಿ ಭಾರತೀಯರಲ್ಲಿ ಎರಡನೆಯವರಾಗಿ ರಿಯೊಗೆ ಅರ್ಹತೆ ಪಡೆದರು. ಅಲ್ಲಿ 2:15:25ಕ್ಕೆ 25ನೆಯವರು.